ಕಪಾಟಿನ ಬೆನ್ನಿಗಿದ್ದ ಹೆಸರು

ಆ ಅಕ್ಷರಗಳನ್ನು ಅಮೃತ ಬಾಯಿಬಿಟ್ಟು ಓದಬಾರದಿತ್ತು… ಓದಿಬಿಟ್ಟಳು!

ಮಾತು ಕಡಿಮೆಯ ಹುಡುಗಿ ಅವಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲೆ, ಮನೆಗೆ ಯಾರಾದರೂ ಬಂದರೆ ಒಳಬಾಗಿಲ ಸಂದಿಯಲ್ಲಿ ನಿಂತು ನೋಡುವಳೇ ಹೊರತು ಒಂದು ಶಬ್ದ ಆಡುವವಳಲ್ಲ. ಆದರೆ ಆ ದಿನ ಆಳಂದದ ಬಡಿಗೇರ ಓಣಿಯ ಮನೆಯಂಗಳದಲ್ಲಿ, ಒದ್ದೆ ಅರಿವೆಯಿಂದ ಹಳೆಯ ಕಪಾಟಿನ ಹಿಂಬದಿ ಒರೆಸುತ್ತಿದ್ದಾಗ, ಐವತ್ತು ವರ್ಷದ ಧೂಳಿನ ಕೆಳಗಿನಿಂದ ಉಳಿಯಲ್ಲಿ ಕೊರೆದ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅವಳು ತನ್ನನ್ನು ತಾನೇ ಮರೆತಳು.

"ನಿಂ… ಬೆ… ವ್ವ… ಅಪ್ಪಾ, ಇಲ್ಲಿ ಆಯಿ ಹೆಸರು ಅದ ನೋಡು!"

ಗಾಜಿನ ಬಾಗಿಲು ತಿಕ್ಕುತ್ತಿದ್ದ ಅವಳ ಅಪ್ಪ ದೌಲತರಾಯನ ಕೈ ನಿಂತಿತು. ರೊಟ್ಟಿ ಬಡಿಯುತ್ತಿದ್ದ ಅವ್ವ ಕಸ್ತೂರಿಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಕಟ್ಟೆಯ ಮೇಲೆ ಕುಳಿತಿದ್ದ ಮುತ್ಯಾ, ದೌಲತರಾಯನ ಅಪ್ಪ ಮಲ್ಲಣ್ಣ ಮಾತ್ರ ಅಲುಗಲಿಲ್ಲ. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿದ್ದ ಆ ಮುದುಕ, ಸಿಕ್ಕಿಬಿದ್ದ ಕಳ್ಳನ ಹಾಗೆ ತಲೆ ತಗ್ಗಿಸಿದ.

"ಇದು ನಮ್ಮವ್ವನ ಹೆಸರು ಇಲ್ಲಿ ಹ್ಯಾಂಗ ಬಂತು?" ದೌಲತರಾಯ ಕೇಳಿದ.

"ನಾನ ಕೆತ್ತೀನಿ," ಎಂದ ಮಲ್ಲಣ್ಣ. "ಈ ಮೂರೂ ಕಪಾಟು ನನ್ನ ಕೈಯಿಂದ ಆದವ. ಲಾರಿಯಿಂದ ಇಳಿಸಿದ ದಿನಾನ ಕೈಯಾಡಿಸಿ ಗುರ್ತು ಹಿಡದೀನಿ. ಹೇಳಲಿಲ್ಲ, ಅಷ್ಟ."

ದೌಲತರಾಯ ಅಪ್ಪನ ಉಳಿ, ಬಾಚಿ ಬಿಟ್ಟು ಹತ್ತು ವರ್ಷಗಳಾಗಿದ್ದವು. ಮರ ಕೆತ್ತಿ ಹೊಟ್ಟೆ ತುಂಬುವುದಿಲ್ಲವೆಂದು ಹಳೆಯ ಸಾಮಾನಿನ ವ್ಯಾಪಾರ ಹಿಡಿದಿದ್ದ. ಜೇವರ್ಗಿ, ಯಡ್ರಾಮಿ, ಅಫಜಲಪುರ ಸುತ್ತಿ, ಹಳೆಯ ವಾಡೆಗಳಲ್ಲಿ ಮೂಲೆಗೆ ಬಿದ್ದ ಮೇಜು, ಮಂಚ, ಕಪಾಟು ಕೊಂಡು ಪಟ್ಟಣದವರಿಗೆ ಮಾರುತ್ತಿದ್ದ. ಆ ವರ್ಷ, ಅಂದರೆ ೧೯೮೪ರಲ್ಲಿ, ಜೇವರ್ಗಿಯ ವಕೀಲರ ವಿಧವೆ ಕರೀಮುನ್ನಿಸಾ ಬೇಗಂ ಮನೆ ಖಾಲಿ ಮಾಡಿ ಹೈದರಾಬಾದಿನ ಮಗಳ ಹತ್ತಿರ ಹೊರಟಿದ್ದಾಳೆಂದು ತಿಳಿದು ಓಡಿದ್ದ. ಅಲ್ಲಿ ಕಂಡವು ಎರಡು ಪುಸ್ತಕದ ಕಪಾಟು, ಒಂದು ಅಗಲವಾದ ಸಾಮಾನಿನ ಕಪಾಟು. ಹೂವಿಲ್ಲ, ಬಳ್ಳಿಯಿಲ್ಲ, ಎಲ್ಲಿಯೂ ಒಂದು ಕೆತ್ತನೆಯಿಲ್ಲ. ಬರೀ ಸಾಗವಾನಿಯ ಸಾದಾ ಹಲಗೆ, ತಾಮ್ರದ ಬಿಜಾಗರಿ, ಕೀಲಿಗೆ ಕೀಲು ಕೂಡಿಸಿದ ಬೆಸುಗೆ. ಒಂದೇ ಒಂದು ಕಬ್ಬಿಣದ ಮೊಳೆಯಿಲ್ಲ!

"ನಮ್ಮವರು ಶಹಾಬಾದದ ಇಂಗ್ಲಿಷ್ ಸಾಹೇಬ ಊರಿಗೆ ಹೋಗೋವಾಗ ಹರಾಜಿನ್ಯಾಗ ತಗೊಂಡಿದ್ರು ಬೇಟಾ," ಎಂದಿದ್ದಳು ಬೇಗಂ, ಕಪಾಟಿನ ಅಂಚು ಸವರುತ್ತ. "ವಿಲಾಯತಿ ಮಾಲು ಅಂತಿದ್ರು. ಪುಸ್ತಕ ಎಲ್ಲಾ ಗೆದ್ದಲಿಗೆ ಹೋದ್ವು. ಇದಕ್ಕ ಮಾತ್ರ ಏನೂ ಆಗಲಿಲ್ಲ ನೋಡು."

ಅಮೃತಳ ಲಗ್ನಕ್ಕೆಂದು ತೆಗೆದಿಟ್ಟ ಹಣವನ್ನೆಲ್ಲ ದೌಲತರಾಯ ಅಲ್ಲಿ ಸುರಿದು ಬಂದಿದ್ದ. ಅಫಜಲಪುರದ ವರ ಗೊತ್ತಾಗಿ, ಲಗ್ನಕ್ಕೆ ಇನ್ನು ಹದಿನೆಂಟು ದಿನ ಉಳಿದಿದ್ದವು. ಆದರೆ ಪುಣೆಯ ವ್ಯಾಪಾರಿಗೆ ಫೋಟೋ ಕಳಿಸಿದಾಗ ಬಂದ ಉತ್ತರ ಅವನ ಎದೆ ಉಬ್ಬಿಸಿತ್ತು. ಇಂಥ ಸಾಮಾನು ವಿಲಾಯತಿಯಲ್ಲಿ ಕೈಕೆಲಸದ ಮೇಲೆ ಅಭಿಮಾನವಿದ್ದ ಜನ ಮಾಡುತ್ತಿದ್ದರಂತೆ. ಮಾಡಿದವನ ಕೈ ಕಾಣಬೇಕೆನ್ನುವುದೇ ಅದರ ಬೆಲೆಯಂತೆ. ಕೊಟ್ಟಿದ್ದರ ಮೂರು ಪಟ್ಟಿಗೆ ಒಯ್ಯುತ್ತೇನೆ, ಆದರೆ ಅಸಲು ವಿಲಾಯತಿಯದೇ ಆಗಿರಬೇಕು, ಈ ಕಡೆಯ ಬಡಿಗೇರರ ನಕಲಾದರೆ ನನಗೆ ಬೇಡ… ಹೀಗೆ ಬರೆದಿದ್ದ. ಅವನ ಲಾರಿ ಅಮಾವಾಸ್ಯೆಯ ಮರುದಿನ ಬರುವುದಿತ್ತು.

ಇಂದೇ ಅಮಾವಾಸ್ಯೆ!

"ಹೆಸರು ಅಳಸ್ರಿ ಮೊದಲ!" ಕಸ್ತೂರಿಬಾಯಿಯ ದನಿ ಅಂಗಳ ಸೀಳಿತು. "ಆ ಪುಣೇದಾಂವ ನೋಡಿದ್ರ ತಿರುಗಿ ಹೋಗ್ತಾನ. ಹುಡುಗಿ ಲಗ್ನ ನಿಂತ್ರ ಓಣಿಯಾಗ ಮಾರಿ ತೋರಸಾಕ ಆಗ್ತದೇನು?"

"ಕಸ್ತೂರೀ…" ಮಲ್ಲಣ್ಣ ದನಿ ಬಂದತ್ತ ತಿರುಗಿದ. "ಆ ಒಂದು ಹಲಗಿ ಬಿಚ್ಚಿ ನನಗ ಕೊಡ್ರಿ. ಬ್ಯಾರೆ ಹಲಗಿ ಹಾಕಿ ಕೊಡ್ತೇನಿ. ನನಗ ಮತ್ತೇನೂ ಬ್ಯಾಡ…"

ದೌಲತರಾಯ ಕಪಾಟಿನ ಮೂಲೆಗೆ ಗುದ್ದಿ ನೋಡಿದ. ಕೈ ನೊಂದಿತೇ ಹೊರತು ಹಲಗೆ ಅಲುಗಲಿಲ್ಲ. "ಹ್ಯಾಂಗ ಬಿಚ್ಚಲಿ ಅಪ್ಪಾ? ಮೊಳಿ ಹೊಡದಿದ್ರ ಕಿತ್ತು ತಗೀಬಹುದಿತ್ತು. ನೀ ಕೂಡಿಸಿದ ಕೀಲು ಬಿಡಸಬೇಕಂದ್ರ ಇಡೀ ಕಪಾಟು ಒಡೀಬೇಕು!"

ಮಲ್ಲಣ್ಣ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದೇ ಇಂದು ಅವನಿಗೆ ಎದುರಾಗಿ ನಿಂತಿತ್ತು.

"ಜೀವಂತ ಇದ್ದಾಗ ಜ್ವಾಳದ ಕೋಣಿ ಕೀಲಿಕೈ ತನ್ನ ಸೊಂಟಕ್ಕ ಕಟ್ಗೊಂಡು ನನ್ನ ಆಳಿದ್ಲು," ಎಂದಳು ಕಸ್ತೂರಿಬಾಯಿ. ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ. "ಹನ್ನೆರಡು ವರ್ಷ! ಒಂದು ಸೇರು ಹಿಟ್ಟಿಗೂ ಕೈ ಚಾಚಬೇಕಿತ್ತು. ಸತ್ತ ಮ್ಯಾಲೂ ನನ್ನ ಮಗಳ ಲಗ್ನಕ್ಕ ಅಡ್ಡ ನಿಂತಾಳ ಆಕಿ! ಸತ್ತಾಕಿ ಹೆಸರು ದೊಡ್ಡದೋ ಮಾವ್ರೇ, ಇದ್ದಾಕಿ ಬಾಳ್ವೆ ದೊಡ್ಡದೋ? ನೀವ ಹೇಳ್ರಿ!"

ಅಮೃತಳಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಬಾಯಿ ಮುಚ್ಚಿಕೊಂಡು ಒರೆಸಿಬಿಟ್ಟಿದ್ದರೆ! ಕಪಾಟು ಜೇವರ್ಗಿಯ ಗೋಡೆಗೆ ಬೆನ್ನು ಮಾಡಿ ನಿಂತಷ್ಟು ಕಾಲವೂ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಹೆಸರು ಪುಣೆಯಲ್ಲಿಯೂ ಹಾಗೆಯೇ ಉಳಿಯುತ್ತಿತ್ತು. ತಾನು ಕಲಿತ ನಾಲ್ಕು ಅಕ್ಷರ ಮುತ್ಯಾನ ಕುತ್ತಿಗೆಗೇ ಬಂದವಲ್ಲ…

ದೌಲತರಾಯ ಒಳಗಿನಿಂದ ರಂದಾ ತಂದ. ಹಲಗೆ ಕೀಸುವ ಆ ಸಾಧನ ಹಿಡಿಯುವ ರೂಢಿ ಅವನಿಗೆ ತಪ್ಪಿತ್ತು. ಅದನ್ನು ಹಲಗೆಯ ಮೇಲಿಟ್ಟ ಸದ್ದು ಕೇಳಿಯೇ ಮಲ್ಲಣ್ಣ ಕಟ್ಟೆಯಿಂದ ಇಳಿದು ಬಂದ.

"ನೀ ಮುಟ್ಟಬ್ಯಾಡ. ಹಲಗಿ ಕೆಡಸ್ತೀ. ನಾನ ಕೆತ್ತೀನಿ, ನಾನ ಅಳಸ್ತೇನಿ."

"ಅಪ್ಪಾ, ಇವತ್ತ ಅಮಾಸಿ…" ದೌಲತರಾಯ ಹಿಂಜರಿದ. ಅಮಾವಾಸ್ಯೆಯ ದಿನ ಬಡಿಗೇರರು ಉಳಿ ಮುಟ್ಟುವುದಿಲ್ಲ. ಉಳಿ, ರಂದಾ, ಗರಗಸ ತೊಳೆದು ವಿಭೂತಿ ಹಚ್ಚಿ, ಎಡೆ ಹಿಡಿದು, ಒಂದು ದಿನ ಅವಕ್ಕೆ ವಿಶ್ರಾಂತಿ. ಮೈಯಲ್ಲಿ ಜ್ವರವಿದ್ದರೂ ಮಲ್ಲಣ್ಣ ಆ ಪೂಜೆ ತಪ್ಪಿಸಿದವನಲ್ಲ. ಆ ಬೆಳಿಗ್ಗೆಯೂ ತಾನೇ ತಡವರಿಸುತ್ತ ವಿಭೂತಿ ಹಚ್ಚಿದ್ದ. ಈಗ ಅದೇ ರಂದಾದ ಮೇಲಿನ ವಿಭೂತಿಯನ್ನು ಧೋತರದ ಅಂಚಿನಿಂದ ಒರೆಸಿದ.

"ಅಮೃತಾ, ನನ್ನ ಬೆರಳು ಹಿಡಿದು ಅಕ್ಷರದ ಮ್ಯಾಲಿಡು."

ಅವಳು ಇಟ್ಟಳು. ಮುದುಕನ ಬೆರಳು ಮೂರು ಅಕ್ಷರಗಳ ತಗ್ಗಿನಲ್ಲಿ ಒಮ್ಮೆ ಹಾದು ಬಂತು. ಆಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ, ಬೆನ್ನು ಮೇಲಾಗಿ ಮಲಗಿಸಿದ ಕಪಾಟಿನ ಮೇಲೆ ರಂದಾ ಸರ್ರೆಂದಿತು.

ದೌಲತರಾಯ ನಿಂತು ನೋಡಲಾರದೆ ಹೊರಗೆ ಹೋದ. ಕಸ್ತೂರಿಬಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಲ್ಲಣ್ಣ ರಂದಾ ಎಳೆಯುತ್ತಲೇ ಮಾತಾಡಿದ. ಮೊಮ್ಮಗಳಿಗೆ ಹೇಳಿದನೋ, ಮರಕ್ಕೆ ಹೇಳಿದನೋ…

"ನಮ್ಮ ಲಗ್ನದಾಗ ಹೊಸ್ತಿಲಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗ ಬಾ ಅಂದ್ರು ಹೆಣ್ಮಕ್ಕಳು. ನಿಮ್ಮ ಆಯಿ ನನ್ನ ಹೆಸರಿಗೆ ಒಡಪು ಕಟ್ಟಿ ಚೆಂದ ಹೇಳಿದ್ಲು. ನನಗ ನಾಚಿಕಿ ಬಂದು ಎಲ್ಲಾರ್ನೂ ನೂಕಿ ಒಳಗ ಓಡಿಬಿಟ್ಟೆ. ಜನ ಗೊಳ್ಳಂತ ನಕ್ಕರು. ಆಕಿ ನಗಲಿಲ್ಲ. ಒಮ್ಮೆರ ನನ್ನ ಹೆಸರು ತಗೋರಿ ಅಂತಿದ್ಲು ಮುಂದ, ಯಾರೂ ಇಲ್ಲದಾಗ. ನನ್ನ ಬಾಯಾಗ ಬರಲಿಲ್ಲವ್ವಾ. ಏ ಇಕಿನ, ಅಂತ ಕರಕೋತನ ಬಾಳ್ವೆ ಮುಗೀತು."

ರಂದಾ ನಿಲ್ಲಲಿಲ್ಲ. ಅಕ್ಷರ ಆಳವಾಗಿದ್ದವು. ಎದ್ದ ಒಂದೊಂದು ಸುರುಳಿಯಲ್ಲಿಯೂ ಅದೇ ಮೂರಕ್ಷರ ತೂತಾಗಿ ಮೂಡಿ ಬರುತ್ತಿತ್ತು. ಅಳಿಸಿದಷ್ಟೂ ಆ ಹೆಸರು ಮತ್ತೆ ಮತ್ತೆ ಹುಟ್ಟಿ ನೆಲಕ್ಕೆ ಬೀಳುತ್ತಿತ್ತು!

"ಮರುವರ್ಷ ಶಹಾಬಾದದಾಗ ಸಾಹೇಬನ ಕೆಲಸ. ಒಂದು ಚಿತ್ರದ ಬುಕ್ಕು ತೋರಿಸಿ, ಹಿಂಗ ಮಾಡು ಅಂದ. ಮರ ಮುಚ್ಚಬ್ಯಾಡ, ಬೆಸಗಿ ಮುಚ್ಚಬ್ಯಾಡ, ಇದ್ದದ್ದು ಇದ್ದಾಂಗ ಕಾಣ್ಲಿ ಅಂದ. ಆಗ ನನ್ನ ಮನಸಿಗೆ ಬಂತು. ಮಠದ ಅಯ್ಯನ ಹತ್ರ ಮೂರೇ ಅಕ್ಷರ ಬರಸ್ಕೊಂಡು ಹೋಗಿ ಹಿಂದ ಕೊರದೆ. ಆಕೀನ ಕರಕೊಂಡು ಬಂದು ತೋರಸಬೇಕಂದೆ… ದೌಲತ ಹೊಟ್ಟ್ಯಾಗಿದ್ದ, ಆಕಿ ಬರೋದು ಆಗಲಿಲ್ಲ. ಆಮ್ಯಾಲ ಸಾಹೇಬ ಹೋದ, ಕಪಾಟೂ ಎಲ್ಲಿಗೋ ಹೋತು. ಹೇಳಿದ್ರ ನಂಬ್ತಿದ್ಲೋ ಇಲ್ಲೋ ಅಂತ ಹೇಳಲೂ ಇಲ್ಲ. ಹಂಗ ಹೋದ್ಲು."

ಸಂಜೆಯ ಹೊತ್ತಿಗೆ ಹಲಗೆ ನುಣುಪಾಯಿತು. ಕೀಸಿದಲ್ಲಿಯ ಎಳೆಯ ಬಣ್ಣ ಕಾಣಬಾರದೆಂದು ಚಹಾದ ಕರಿನೀರು, ಎಣ್ಣೆ, ಮಸಿ ಕಲಸಿ ಮಲ್ಲಣ್ಣ ತಾನೇ ತಿಕ್ಕಿದ. ಆಮೇಲೆ ಕಟ್ಟೆಯ ಮೇಲೆ ಹೋಗಿ ಗೋಡೆಯ ಕಡೆಗೆ ತಿರುಗಿ ಮಲಗಿದ. ಒಂದು ಸುರುಳಿಯನ್ನಾದರೂ ಎತ್ತಿಟ್ಟುಕೊಳ್ಳಬೇಕೆಂದು ಅಮೃತ ಕೈ ತೊಳೆದು ಬರುವಷ್ಟರಲ್ಲಿ ಕಸ್ತೂರಿಬಾಯಿ ದಿನದ ರೂಢಿಯಂತೆ ಅಂಗಳ ಗುಡಿಸಿ, ಎಲ್ಲವನ್ನೂ ಒಲೆಯ ಪಕ್ಕದ ಬುಟ್ಟಿಗೆ ತುಂಬಿದ್ದಳು. ಅವ್ವನ ಮುಖ ನೋಡಿ ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಮರುದಿನ ಬೆಳಿಗ್ಗೆ ವ್ಯಾಪಾರಿಗೆ ಅಡುಗೆಯಾಗಬೇಕಿತ್ತು. ಕಸ್ತೂರಿಬಾಯಿ ಬುಟ್ಟಿಯನ್ನೇ ಒಲೆಗೆ ಬೋರಲು ಹಾಕಿ ಕಡ್ಡಿ ಗೀರಿದಳು. ಉರಿ ಎದ್ದಿತು. ಮೇಲಿದ್ದ ಸುರುಳಿಗಳ ಆಚೆ ಬೆಂಕಿ ಹೊತ್ತಿಕೊಂಡಾಗ ಅಕ್ಷರದ ತೂತುಗಳು ಕೆಂಪಗೆ ಬೆಳಗಿದವು. ಒಂದರಲ್ಲಿ, ಎರಡರಲ್ಲಿ, ಹತ್ತರಲ್ಲಿ…

"ಏನಬೇ ಇದು? ಒಲಿಯಾಗ ಬರವಣಿಗಿ!" ಓದು ಬಾರದ ಕಸ್ತೂರಿಬಾಯಿ ಹೌಹಾರಿದಳು.

"ಆಯಿ ಹೆಸರು ಅವ್ವಾ," ಎಂದಳು ಅಮೃತ. ಆಮೇಲೆ, ಹುಟ್ಟಿದಾಗಿನಿಂದ ಆಡದಷ್ಟು ಮಾತು ಒಂದೇ ಉಸಿರಿಗೆ ಆಡಿದಳು. ಹೊಸ್ತಿಲು, ಒಡಪು, ಓಡಿಹೋದ ಮುತ್ಯಾ, ಆಯಿ ಬೇಡಿದ ಆ ಒಂದು ಮಾತು… ಎಲ್ಲವನ್ನೂ.

ಕಸ್ತೂರಿಬಾಯಿ ಚೀರಿ ಉರಿಯೊಳಗೆ ಕೈ ಹಾಕಿದಳು! ಕೈಗೆ ಬಂದದ್ದು ಕಪ್ಪು ಬೂದಿ. ಮುಷ್ಟಿ ಬಿಚ್ಚುವಷ್ಟರಲ್ಲಿ ಅದೂ ಪುಡಿಯಾಯಿತು. ಸುಟ್ಟ ಬೆರಳುಗಳನ್ನು ನೋಡುತ್ತ ಅಲ್ಲೇ ಕುಸಿದಳು.

"ಅತ್ತೀ… ಹನ್ನೆರಡು ವರ್ಷ ನಿನ್ನ ಸೊಂಟದಾಗಿನ ಕೀಲಿಕೈ ನೋಡಿ ಉರಕೊಂಡೆನಲ್ಲ… ನೀನೂ ನನ್ನಷ್ಟ ಬಡವಿ ಇದ್ದಿ ಅಂತ ಯಾರೂ ಹೇಳಲಿಲ್ಲ ನನಗ!" ಬಿಕ್ಕಿದಳು. "ನಿಮ್ಮಪ್ಪರ ನನಗ ಏನಂತ ಕರೀತಾನ ಹೇಳಬೇ? ಏ ಇಕಿನ, ಅಂತಾನ…"

ಬೂದಿಯ ಬೆರಳನ್ನು ಅವಳು ಹಣೆಗೆ ಎಳೆದುಕೊಂಡಳು. ಅದೇ ಒಲೆಯಲ್ಲಿ ರೊಟ್ಟಿ ಬೇಯಿಸಿ, ಮಾವನ ಮುಂದೆ ತಾಟು ಇಟ್ಟು, ಎಂದೂ ಕೂರದವಳು ಅವನೆದುರು ಕುಳಿತಳು. ಮಲ್ಲಣ್ಣ ರೊಟ್ಟಿ ಮುರಿದ. "ಸಾಗವಾನಿ ಹೊಗಿ ವಾಸನಿ," ಎಂದ. ಮತ್ತೇನೂ ಕೇಳಲಿಲ್ಲ. ಒಂದು ಚೂರೂ ಬಿಡದೆ ಉಂಡ.

ಹತ್ತು ಗಂಟೆಗೆ ಲಾರಿ ಬಂತು. ಪುಣೆಯ ವ್ಯಾಪಾರಿ ಗಾಜು ತಟ್ಟಿದ, ಬಿಜಾಗರಿ ನೋಡಿದ, ಬೆಸುಗೆಯ ಮೇಲೆ ಬೆರಳಾಡಿಸಿ, "ವಾಹ್! ಇಂಥ ಕೈ ನಮ್ಮ ಕಡೆ ಎಲ್ಲಿ ಸಿಗಬೇಕು!" ಎಂದ. ಎರಡು ಹೆಜ್ಜೆ ಆಚೆ ಕಟ್ಟೆಯ ಮೇಲೆ ಆ ಕೈ ಮೊಣಕಾಲ ಮೇಲೆ ಸುಮ್ಮನೆ ಮಲಗಿತ್ತು. ಹಮಾಲರು ಗೋಣಿ ಸುತ್ತಿ ಹಗ್ಗ ಬಿಗಿದರು. ಲಾರಿ ಪುಣೆಯ ಕಡೆಗೆ ಹೋಗುವ ಖಜೂರಿಯ ರಸ್ತೆ ಹಿಡಿಯಿತು. ಕಪಾಟಿನ ಹಿಂಬದಿಯನ್ನು ಅವನು ಬಗ್ಗಿ ನೋಡಲೇ ಇಲ್ಲ… ಒಮ್ಮೆಯೂ ನೋಡಲಿಲ್ಲ!

ದೌಲತರಾಯ ನೋಟಿನ ಕಟ್ಟು ಹಿಡಿದು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದ. ಅಪ್ಪನ ಕಡೆ ತಿರುಗುವುದು ಅವನಿಂದ ಆಗಲಿಲ್ಲ.

ಹದಿನೇಳು ದಿನಕ್ಕೆ ಅಮೃತಳ ಲಗ್ನವಾಯಿತು. ಅಕ್ಕಿಕಾಳು ಬಿದ್ದು, ಮದುಮಕ್ಕಳು ಬಡಿಗೇರ ಓಣಿಯ ಮನೆಯೊಳಗೆ ಬರುವಾಗ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತರು.

"ಹೆಸರು ಹೇಳೋ ತನಕಾ ಬಿಡಂಗಿಲ್ಲ! ಅಫಜಲಪುರದವ್ರ ಬಾಯಾಗ ನಾಲಿಗಿ ಅದನೋ ಇಲ್ಲೋ ನೋಡೂಣು!"

ಅಮೃತ ನೆಲ ನೋಡುತ್ತ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಗಂಡನ ಹೆಸರು ಹೇಳಿದಳು. ವರ ಬೆವರಿದ. ಬಾಯಿ ತೆರೆದ, ಮುಚ್ಚಿದ. ನಗೆ ಎದ್ದಿತು. ಅವನು ತಲೆ ತಗ್ಗಿಸಿ, ಹೆಂಗಸರನ್ನು ಸರಿಸಿ ನುಸುಳಲು ಒಂದು ಹೆಜ್ಜೆ ಇಟ್ಟ. ಅಮೃತ ಹೊಸ್ತಿಲ ಹೊರಗೇ ನಿಂತಳು.

ಆಗ ಒಳಗಿನ ಮೂಲೆಯಿಂದ ಒಂದು ದನಿ ಬಂತು. ತುಕ್ಕು ಹಿಡಿದ ಬಿಜಾಗರಿ ತಿರುಗಿದಂಥ ದನಿ.

"ನಿಂಬೆವ್ವ."

ಎಲ್ಲರೂ ತಿರುಗಿ ನೋಡಿದರು. ಮಲ್ಲಣ್ಣ ಗೋಡೆ ಹಿಡಿದು ಎದ್ದು ನಿಂತಿದ್ದ. ಪೊರೆಗಟ್ಟಿದ ಕಣ್ಣು ಹೊಸ್ತಿಲ ಕಡೆಗಿತ್ತು. "ನಿಂಬೆವ್ವ," ಎಂದ ಇನ್ನೊಮ್ಮೆ, ಗಟ್ಟಿಯಾಗಿ. "ನನ್ನ ಹೇಣ್ತಿ."

"ಮುತ್ಯಾಗ ಅರವು ಮರವು ಆಗ್ಯಾದ, ತಾನ ಮದುಮಗ ಅಂತ ತಿಳದಾನ!" ಯಾರೋ ಅಂದರು. ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಕಸ್ತೂರಿಬಾಯಿ ನಗಲಿಲ್ಲ. ಸುಟ್ಟ ಬೆರಳಿನಿಂದ ಸೆರಗು ಮುಖಕ್ಕೆ ಎಳೆದುಕೊಂಡಳು. ದೌಲತರಾಯ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತ.

ನಗೆ ಅಡಗುವವರೆಗೆ ವರ ಆ ಮುದುಕನನ್ನೇ ನೋಡುತ್ತಿದ್ದ. ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆದ. ಕಿವಿ ಕೆಂಪಾಗಿತ್ತು.

"ಅಮೃತ," ಎಂದ.

ಅಮೃತ ಹೊಸ್ತಿಲು ದಾಟಿ ಒಳಗೆ ಬಂದಳು. ಮೂಲೆಯಲ್ಲಿ ಮುತ್ಯಾ ಮತ್ತೆ ಕುಳಿತಿದ್ದ. ಅವನ ಬೆರಳು ಪಕ್ಕದ ಬರಿಗೋಡೆಯ ಮೇಲೆ ನಿಧಾನವಾಗಿ ಮೂರು ಅಕ್ಷರ ತಿದ್ದುತ್ತಿತ್ತು.