ಬಗ್ಗಡ ಚೆಲ್ಲಿದ್ದು ಯಾರು?

"ಫ್ರಿಜ್ಜಿನಲ್ಲಿದ್ದ ಎರಡು ನಳಿಕೆಗಳಲ್ಲಿ ಒಂದನ್ನ ಯಾರೋ ಸಿಂಕಿಗೆ ಸುರಿದಿದ್ದಾರೆ ಸಾರ್," ಎಂದಳು ಆಸ್ಪತ್ರೆಯ ಪ್ರಯೋಗಾಲಯದ ವಿಜ್ಞಾನಿ. ಮೇಲಿನ ವಾರ್ಡಿನಲ್ಲಿ ಅವಳ ಅಕ್ಕನೇ ಮಲಗಿದ್ದಳು. ಕಾಲಿನ ಕೀವಿಗೆ ಯಾವ ಆಂಟಿಬಯಾಟಿಕ್ಕೂ ನಾಟುತ್ತಿರಲಿಲ್ಲ. ಉಳಿದ ಆಸೆಯೆಂದರೆ ಫೇಜ್, ಚರಂಡಿ ನೀರಿನಿಂದ ಹೆಕ್ಕಿ ತೆಗೆದ, ಬ್ಯಾಕ್ಟೀರಿಯಾವನ್ನೇ ಹುಡುಕಿ ಕೊಲ್ಲುವ ವೈರಸ್ಸು. ಅದೂ ಇಲ್ಲವೆಂದರೆ ಸಂಜೆ ಕಾಲು ಕತ್ತರಿಸುವುದೆಂದು ಹಿರಿಯ ಸರ್ಜನ್ ಅಪ್ಪಣೆ ಕೊಡಿಸಿದ್ದರು.

"ಯಾವುದನ್ನ ಸುರಿದದ್ದು?" ಪತ್ತೇದಾರ ಕೇಳಿದ.

"ಬಗ್ಗಡವಾಗಿತ್ತಲ್ಲ, ಅದನ್ನ. ತಿಳಿಯಾಗಿರೋದು ಹಾಗೇ ಇದೆ."

"ಅದನ್ನ ನನಗೆ ಕೊಡಿ. ಔಷಧಿ ಹೋಯ್ತು ಅಂತ ಸಾರಿಬಿಡಿ. ಪ್ರಯೋಗಾಲಯದ ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ, ನರ್ಸಮ್ಮನ ಹತ್ರ, ಸರ್ಜನ್ ಹತ್ರ."

ಜೊತೆಗೆ ಬಂದಿದ್ದ ಭಾಮೈದ ಪತ್ತೇದಾರನ ಕಿವಿಯಲ್ಲಿ ಉಸುರಿದ: "ಭಾವ, ಆ ನರ್ಸಮ್ಮನ ಮೇಲೇ ನನ್ನ ಅನುಮಾನ."

"ನಿನ್ನ ಅನುಮಾನಕ್ಕಿಷ್ಟು ಬೆಂಕಿ ಹಾಕ. ನಿನ್ನೆ ಮೊದಲ ಡೋಸ್ ಚುಚ್ಚಿದವರೇ ಅವರು."

ಬೈಗುಳ ಭಾಮೈದನಿಗೆ ಅರ್ಥವಾಯಿತು, ಕಾರಣ ಆಗಲಿಲ್ಲ.

ಎಲ್ಲರೂ ರೋಗಿಯ ಮಂಚದ ಸುತ್ತ ಸೇರಿದರು. ಸರ್ಜನ್ ಕೊನೆಗೆ ಬಂದರು, ಕೋಟಿನ ಜೇಬಿನಿಂದ ಕೈ ತೆಗೆಯದೆ.

"ಚರಂಡಿ ನೀರು ಚರಂಡಿ ಸೇರ್ತು. ಪ್ರಯೋಗಾಲಯ ಅಂತೆ! ನಾನಂತೂ ಆ ಹೊಸಿಲು ಮೆಟ್ಟಿದವನಲ್ಲ. ಥಿಯೇಟರ್ ಸಜ್ಜು ಮಾಡ್ರಿ."

ಪತ್ತೇದಾರ ನಳಿಕೆಯನ್ನು ಬೆಳಕಿಗೆ ಹಿಡಿದ. "ಇದೇನು, ಡಾಕ್ಟ್ರೇ?"

"ಬರೀ ನೀರು."

"ಇದೇ ಔಷಧಿ."

ಸರ್ಜನ್ ಜೇಬಿನಿಂದ ಕೈ ತೆಗೆದು ನಳಿಕೆಗೆ ಚಾಚಿದರು; ಪತ್ತೇದಾರ ಕೊಡಲಿಲ್ಲ.

"ಬ್ಯಾಕ್ಟೀರಿಯಾ ತುಂಬಿದ ದ್ರಾವಣ ಬಗ್ಗಡ. ಫೇಜ್ ಅವನ್ನ ಒಡೆದು ಹಾಕಿದ ಮೇಲೆ ತಿಳಿ. ಹೋಲಿಸಿ ನೋಡೋಕೆ ಅಂತ ಈಕೆ ಫೇಜ್ ಹಾಕದೆ ಇಟ್ಟದ್ದು ಬಗ್ಗಡದ ನಳಿಕೆ. ಎರಡರ ಮೇಲೂ ಬರೀ ಸಂಖ್ಯೆ. ತಯಾರಿಸಿದ ಈಕೆಗೆ ಇದು ಗೊತ್ತು. ನರ್ಸಮ್ಮ ಚುಚ್ಚಿದ್ದು ತಿಳಿನೀರನ್ನೇ, ಅವರಿಗೂ ಗೊತ್ತು. ಕೆಡಿಸಬೇಕೆಂದಿದ್ದರೆ ಇಬ್ಬರೂ ಇದನ್ನೇ ಚೆಲ್ಲುತ್ತಿದ್ದರು. ಔಷಧಿ ಅಂದ್ರೆ ಕೊಚ್ಚೆಯ ಹಾಗೇ ಇರಬೇಕು ಅಂತ ನಂಬಿದ್ದವರು, ಬೀಗದ ಕೈ ಇದ್ದವರಲ್ಲಿ ನೀವೊಬ್ಬರೇ. ಬೈಯೋ ಮುಂಚೆ ಒಂದ್ಸಲ ಇಣುಕಿ ನೋಡಿದ್ದರೆ ಸಾಕಿತ್ತು. ಕಳ್ಳತನಕ್ಕೂ ಇಷ್ಟು ಓದು ಬೇಕು, ಸ್ವಾಮಿ."

"ಇದು ಗೆದ್ದರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ?" ಸರ್ಜನ್ ಗೊಣಗಿದರು. ಹೇಳಿಬಿಟ್ಟೆನೆಂದು ಆಮೇಲೆ ಹೊಳೆಯಿತು.

ನರ್ಸಮ್ಮ ನಳಿಕೆ ಇಸಿದುಕೊಂಡು ಸಿರಿಂಜಿಗೆ ಏರಿಸತೊಡಗಿದಳು. ಮಂಚದ ಮೇಲಿದ್ದಾಕೆ ತಾನೇ ಹೊದಿಕೆ ಸರಿಸಿ, ಸರ್ಜನ್ ಮುಖವನ್ನೇ ದಿಟ್ಟಿಸಿದಳು.

"ನಿಮಗೆ ಎರಡು ಕಾಲೂ ನೆಟ್ಟಗಿವೆಯಲ್ಲ, ಡಾಕ್ಟ್ರೇ. ಆಚೆ ನಡೀರಿ."