ಬಿರುಕಿನ ಮೇಲೊಂದು ಗಾಜಿನ ಪಟ್ಟಿ

"ಏಯ್! ಇಳೀರಿ ಕೆಳಗೆ! ಹೆಣ್ಮಕ್ಕಳ ವಾರ್ಡಿನ ಕಿಟಕಿ ಪಕ್ಕ ಏಣಿ ಹಾಕಿದೀರಲ್ಲ, ನಾಚ್ಕೆ ಆಗಲ್ವಾ?"

ಏಣಿಯ ಮೇಲಿದ್ದವನು ಬೆಚ್ಚಿಬಿದ್ದ. ಕೈಯಲ್ಲಿದ್ದ ಗಾರೆಯ ಮುದ್ದೆ ಜಾರಿತು. ಜಾರಿ ಬಿದ್ದದ್ದು ಎಲ್ಲಿಗೆ ಅಂತೀರಿ? ನೇರವಾಗಿ ನರ್ಸ್ ಪಾಲಮ್ಮನ ಬಿಳಿ ಸೀರೆಯ ಮೇಲೆ!

"ಅಯ್ಯೋ..."

"ಅಯ್ಯೋ ಅಂತೆ ಅಯ್ಯೋ! ಯಾರ್ರಿ ನೀವು?"

"ಪಿ.ಡಬ್ಲ್ಯು.ಡಿ. ಓವರ್ಸಿಯರ್ ರೀ. ಮುರುಗಪ್ಪ ಅಂತ, ಮಾಡದಕೆರೆಯೋನು. ನಾನು ಕಿಟಕಿ ಕಡೆ ನೋಡಿಲ್ಲ, ಗೋಡೆ ನೋಡ್ತಿದ್ದೆ... ದೇವರಾಣೆಗೂ!"

ಅವನ ಕಿವಿಗಳೆರಡೂ ಕೆಂಪಾಗಿದ್ದವು. 'ಹುಂಬ!' ಎಂದು ಮನಸ್ಸಿನಲ್ಲೇ ಬೈದುಕೊಂಡು ಪಾಲಮ್ಮ ಸರಸರ ಒಳಗೆ ಹೋದಳು. ಆದರೆ ಸಂಜೆ ಸೀರೆ ಒಗೆಯುವಾಗ ಆ ಕಿವಿಗಳೇ ನೆನಪಾಗಿ ಒಬ್ಬಳೇ ನಕ್ಕಳು. ಶುರುವಾಯಿತು ನೋಡಿ ಅಲ್ಲಿಂದ!

ಇದು ಅರವತ್ತೊಂದನೇ ಇಸವಿಯ ಮಾತು. ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ ಆ ಕಲ್ಲುಕಟ್ಟಡ. ಒಂದೇ ಚಾವಣಿಯ ಕೆಳಗೆ ಎಡಕ್ಕೆ ಚರ್ಚು, ಬಲಕ್ಕೆ ಆಸ್ಪತ್ರೆ, ನಡುವೆ ಒಂದೇ ಗೋಡೆ. ಹಾಸಿಗೆ ಬಿಟ್ಟು ಏಳಲಾರದವರಿಗೂ ಪ್ರಾರ್ಥನೆ ಕೇಳಿಸಲಿ ಎಂದು ಹಳೆಯ ಪಾದ್ರಿಗಳು ಹಾಗೆ ಕಟ್ಟಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಆ ಬಿಳಿಯರೆಲ್ಲ ತಮ್ಮ ಸೀಮೆಗೆ, ಇಂಗ್ಲೆಂಡಿಗೆ, ಹೊರಟುಹೋದರು. ಆಸ್ಪತ್ರೆ ಊರವರ ಕೈಗೆ ಬಂತು. ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡದ್ದೂ ಆಗಲೇ. ಕಟ್ಟಡ ಭದ್ರವಿಲ್ಲ ಎಂದು ಸರ್ಕಾರ ಹೇಳಿಬಿಟ್ಟರೆ ಚರ್ಚೂ ಹೋಯಿತು, ಹೆರಿಗೆ ವಾರ್ಡೂ ಹೋಯಿತು.

ಪಾಲಮ್ಮನಿಗೆ ಅದು ಬರೀ ನೌಕರಿಯ ಜಾಗವಾಗಿರಲಿಲ್ಲ. ತುರುವನೂರಿನ ಕುರಿ ಸಾಕುವ ಮನೆಯವಳು ಅವಳು. ಎರಡು ದಿನ ನೋವು ತಿಂದ ಅವಳ ಅವ್ವನನ್ನು ಗಾಡಿಯಲ್ಲಿ ಹೇರಿಕೊಂಡು ಬಂದದ್ದು ಇದೇ ವಾರ್ಡಿಗೆ. ಇದು ಇಲ್ಲದಿದ್ದರೆ ಅವ್ವನೂ ಇಲ್ಲ, ಪಾಲಮ್ಮನೂ ಇಲ್ಲ!

ಆ ಬಿರುಕು ಪರೀಕ್ಷಿಸಲು ಮುರುಗಪ್ಪ ವಾರ ವಾರ ಬಂದ. ಬಿರುಕು ಇದ್ದಲ್ಲೆಲ್ಲ ಅಡ್ಡಲಾಗಿ ಒಂದೊಂದು ತೆಳು ಗಾಜಿನ ಪಟ್ಟಿ ಅಂಟಿಸಿದ್ದ. "ಯಾಕ್ರೀ ಇದು?" ಎಂದರೆ "ಅಳತೆಗೆ ರೀ" ಅಂದಿದ್ದ. ಅಷ್ಟೇ. ಊರೆಲ್ಲ ಅವಳನ್ನು ಸಿಸ್ಟರ್ ಅಂದರೂ ಈತ ಮಾತ್ರ "ಪಾಲಮ್ಮನೋರೇ" ಅನ್ನುತ್ತಿದ್ದ. ಕುಡಿಯಲು ನೀರು ಕೇಳುತ್ತಿದ್ದ. ಬಾಯಾರಿಕೆ ಇತ್ತೋ ಇಲ್ಲವೋ, ಅವನಿಗೇ ಗೊತ್ತು.

ಒಂದು ದಿನ ಚರ್ಚಿನೊಳಗೆ ಕರೆದೊಯ್ದು ಕಂಬದ ಬುಡ ತೋರಿಸಿದ.

"ಇಲ್ಲಿ ಬಗ್ಗಿ ನೋಡ್ರಿ. ಏನೈತೆ?"

"ಕಮಲ! ಚರ್ಚಿನಾಗೆ ಕಮಲಾನಾ?"

"ಕಟ್ಟಿಸಿದೋರು ಸೀಮೆಯೋರು. ಕಟ್ಟಿದೋರು ನಮ್ಮೋರು ತಾನೇ? ಕಿಟಕಿ ಮೇಲೆ ಅವರು ಹೇಳ್ದಂಗೆ ಚೂಪು ಕಮಾನು ಕಟ್ಟಿದಾರೆ. ಕಂಬಕ್ಕೆ ಮಾತ್ರ ತಮಗೆ ಬಂದಿದ್ದ ಹೂವು ಕೆತ್ತಿದಾರೆ. ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಗಾಣದಾಗೆ ಅರೆದಿರೋ ಗಾರೆ ಇದು. ಇಂಥದ್ದು ಈಗ ಎಲ್ಲಿ ಸಿಗ್ತೈತೆ ಹೇಳ್ರಿ?"

ಅವನು ಕಲ್ಲಿನ ಮೇಲೆ ಕೈ ಆಡಿಸುತ್ತಿದ್ದ ರೀತಿ ನೋಡಿ ಪಾಲಮ್ಮನ ಎದೆ ಕರಗಿತು. 'ಕಲ್ಲಿನ ಮೇಲೆ ಇಷ್ಟು ಪ್ರೀತಿ ಇಟ್ಟೋನು ಕಟ್ಕೊಂಡೋಳ್ನ ಹೆಂಗೆ ನೋಡ್ಕೊಂತಾನೋ...' ಅಂದುಕೊಂಡಳು. ತಕ್ಷಣ ತನ್ನ ಮೇಲೇ ಸಿಟ್ಟು ಬಂದು ಥರ್ಮಾಮೀಟರ್ ಹುಡುಕುವ ನೆಪದಲ್ಲಿ ಓಡಿಹೋದಳು.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಆಗ ಬಂತು ಗ್ರಹಚಾರ!

ಪೇಟೆಯಲ್ಲಿ ಹೆದ್ದಾರಿ ಅಗಲ ಮಾಡುತ್ತಿದ್ದರು. ಕೆಡವಬೇಕಾದ ಮನೆಗಳಿಗೆ ಮೊದಲು ಕೆಂಪು ಬಣ್ಣದಲ್ಲಿ ನಂಬರು ಬೀಳುತ್ತಿತ್ತು. ನಂಬರು ಬಿದ್ದ ಮನೆ ತಿಂಗಳೊಳಗೆ ಮಣ್ಣು. ಊರಿನ ಮಕ್ಕಳಿಗೂ ಅದು ಗೊತ್ತಿತ್ತು. ಆ ಭಾನುವಾರ ಬೆಳಿಗ್ಗೆ ಪಾಲಮ್ಮ ನೋಡುತ್ತಾಳೆ... ಆಸ್ಪತ್ರೆಯ ಪ್ರತಿ ಗಾಜಿನ ಪಟ್ಟಿಯ ಪಕ್ಕ ಕೆಂಪು ನಂಬರು! ಬರೆಯುತ್ತಿದ್ದವನು ಮುರುಗಪ್ಪ!

"ಕೆಡವ್ತೀರಾ?" ಅವಳು ಅವನೆದುರು ಹೋಗಿ ನಿಂತಳು.

ಅವನು ತಲೆ ತಗ್ಗಿಸಿದ. "ಈಗ ಏನೂ ಹೇಳಾಕಾಗಲ್ಲ ರೀ..."

"ಹೇಳಾಕಾಗಲ್ವಾ? ಕಮಲ ತೋರ್ಸಿದ್ದು, ನೀರು ಕುಡ್ದಿದ್ದು, ಎಲ್ಲ ಬರೀ ನಾಟಕಾನಾ?"

"ಪಾಲಮ್ಮನೋರೇ, ಒಂದೇ ಒಂದಿನ ತಡೀರಿ..."

ಅವಳು ತಡೆಯಲಿಲ್ಲ. ತಡೆಯುವ ಜಾಯಮಾನವೇ ಅಲ್ಲ ಅವಳದು! ಅವನು ಪೇಟೆ ಕಡೆ ಹೋದದ್ದೇ ತಡ, ವಾರ್ಡಿನ ಆಳು ಜುಂಜಯ್ಯನನ್ನು ಕೂಗಿದಳು. ಇಬ್ಬರೂ ಸೇರಿ ಗಾಜುಗಳನ್ನೆಲ್ಲ ಕಿತ್ತು, ಒಡೆದು ತಿಪ್ಪೆಗೆಸೆದು, ನಂಬರಿನ ಮೇಲೆ ದಪ್ಪಗೆ ಸುಣ್ಣ ಬಳಿದರು. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಸುರಿಯುತ್ತಿತ್ತು.

ಸಂಜೆ ಮುರುಗಪ್ಪ ಬಂದ. ಹಸಿ ಸುಣ್ಣ ನೋಡಿ ಅಲ್ಲೇ ಕುಸಿದು ಕೂತ.

"ಗಾಜು... ಕೀಳೋವಾಗ ಇಡಿಯಾಗಿದ್ವಾ? ಇಲ್ಲ ಬಿರುಕು ಬಿಟ್ಟಿದ್ವಾ?"

"ಯಾರು ನೋಡಿದ್ರು? ಯಾಕೆ?"

"ಗೋಡೆ ಅಲುಗಿದ್ರೆ ಆ ಗಾಜು ಪಟ್ಟಂತ ಸೀಳ್ತೈತೆ ರೀ. ಮಳೆಗಾಲ ಪೂರ್ತಿ ಸೀಳದೆ ಉಳಿದ್ರೆ ಗೋಡೆ ಭದ್ರ ಅಂತ ಅರ್ಥ. ನಾಳೆ ಬೆಳಿಗ್ಗೆ ದೊಡ್ಡ ಎಂಜಿನಿಯರ್ ಬರ್ತಾರೆ. ಅವರಿಗೆ ಗುರುತು ಸಿಗ್ಲಿ ಅಂತ ನಂಬರು ಹಾಕ್ದೆ. ಈಗ ಏನು ತೋರಿಸ್ಲಿ? ತೋರಿಸಾಕೆ ಇಲ್ದಿದ್ರೆ ಕೆಡವ್ರಿ ಅಂತಾರೆ!"

ಪಾಲಮ್ಮ ತಿಪ್ಪೆಯ ಕಡೆ ತಿರುಗಿ ನೋಡಿದಳು. ಉಳಿಸಲು ಹೋಗಿ ತಾನೇ ಕೆಡವಿದ್ದಳು!

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?"

"ಉಳೀತೈತೆ ಅಂತ ಆಸೆ ಹುಟ್ಟಿಸಿ, ಆಮೇಲೆ ಉಳೀದಿದ್ರೆ? ನಿಮ್ಮ ಮುಖ ನೋಡೋ ಧೈರ್ಯ ನನಗಿರ್ಲಿಲ್ಲ..."

ಅಷ್ಟರಲ್ಲಿ ಒಳಗಿನಿಂದ ಚೀರಾಟ ಕೇಳಿತು. ಹೆರಿಗೆ ಕೋಣೆಯಲ್ಲಿ ಬೆಳಗಿನಿಂದ ನೋವು ತಿನ್ನುತ್ತಿದ್ದ ಹನುಮಮ್ಮ! ಪಾಲಮ್ಮ ಗಕ್ಕನೆ ನಿಂತಳು.

"ಹೆರಿಗೆ ಕೋಣೆ! ನೋವು ತಿನ್ನೋಳಿಗೆ ಸುಣ್ಣದ ಘಾಟು ಬೇಡ ಅಂತ ಅದೊಂದನ್ನ ಮುಟ್ಟಿಲ್ಲ!"

"ನಡುಗೋಡೆದಾ? ಎಲ್ಲಕ್ಕಿಂತ ದೊಡ್ಡ ಬಿರುಕು ಅದೇ ರೀ! ಅದು ಉಳಿದಿದ್ರೆ ಎಲ್ಲ ಉಳಿದಂಗೆ. ಹೋಗಿ ನೋಡ್ರಿ, ನಾನು ಒಳಗೆ ಬರಂಗಿಲ್ಲ!"

ಅವಳು ಓಡಿದಳು. ಬಾಗಿಲು ತೆಗೆದವಳ ಕಣ್ಣು ಗೋಡೆಯ ಮೇಲೆ ಹೋಯಿತು. ಅಲ್ಲೇ ಇತ್ತು ಗಾಜು, ಎತ್ತರದಲ್ಲಿ, ಧೂಳು ಹಿಡಿದು. ಸೀಳಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ.

"ಯವ್ವಾ! ನಾನಿಲ್ಲಿ ಸಾಯ್ತಿದೀನಿ, ನೀನು ಗೋಡೆ ನೋಡ್ತೀಯಲ್ಲೇ ತಾಯಿ!" ಎಂದು ಹನುಮಮ್ಮ ಕಿರುಚಿದಳು.

ಪಾಲಮ್ಮ ಗೋಡೆಗೆ ಬೆನ್ನು ಹಾಕಿ ಸೀರೆ ಎತ್ತಿ ಕಟ್ಟಿದಳು. ಮೊದಲು ಮಗು. "ಉಸಿರು ಬಿಗಿ ಹಿಡಿ ಹನುಮಕ್ಕ, ಮುಕ್ಕು, ಕೆಳಕ್ಕೆ ನೂಕು! ಇನ್ನೊಂಚೂರು... ಆಯ್ತು, ಆಯ್ತು!"

ಹೊರಗೆ ಮುರುಗಪ್ಪ ವರಾಂಡದ ಉದ್ದಕ್ಕೂ ಅಡ್ಡಾಡಿದ. ನೋಡಿದವರು ಇವನೇ ಮಗುವಿನ ಅಪ್ಪ ಅಂದುಕೊಂಡರು!

ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗು ಅತ್ತಿತು. ಅದನ್ನು ಒರೆಸಿ ತಾಯಿಯ ಮಗ್ಗುಲಲ್ಲಿ ಮಲಗಿಸಿ, ಕೈ ತೊಳೆದು, ಪಾಲಮ್ಮ ಸ್ಟೂಲು ಹತ್ತಿದಳು. ಸೆರಗಿನಿಂದ ಗಾಜು ಒರೆಸಿದಳು. ಉಸಿರು ಹಿಡಿದು ಉಗುರು ಆಡಿಸಿದಳು. ಈ ತುದಿಯಿಂದ ಆ ತುದಿಯವರೆಗೆ ನುಣುಪು... ಎಲ್ಲೂ ತಡೆಯಲಿಲ್ಲ!

ಸ್ಟೂಲು ಇಳಿದು ಹೊರಗೆ ಓಡಿಬಂದಳು.

"ಒಡೆದೈತಾ?" ಅವನ ಮುಖ ಬಿಳಿಚಿತ್ತು.

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಡಿಸುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಮುರುಗಪ್ಪ ಗೋಡೆಗೊರಗಿ ದೊಡ್ಡದೊಂದು ಉಸಿರು ಬಿಟ್ಟ. ಹಸಿ ಸುಣ್ಣವೆಲ್ಲ ಅಂಗಿಗೆ ಮೆತ್ತಿಕೊಂಡಿತು. ಅದರ ಪರಿವೆ ಯಾರಿಗಿತ್ತು?

ಮರುದಿನ ದೊಡ್ಡ ಎಂಜಿನಿಯರ್ ಬಂದರು. ಪಾಲಮ್ಮ ಹನುಮಮ್ಮನನ್ನು ಪಕ್ಕದ ವಾರ್ಡಿಗೆ ಕಳಿಸಿ ಅವರಿಗೆ ಕೋಣೆ ತೋರಿಸಿದಳು. ಉಳಿದ ಗಾಜುಗಳ ಕಥೆ ಕೇಳಿ ಅವರು ಮುರುಗಪ್ಪನಿಗೆ ಚೆನ್ನಾಗಿ ಬೈದರು. ಪಾಲಮ್ಮ ತಪ್ಪು ತನ್ನದೆಂದು ಮುಂದೆ ಬಂದರೂ ಅವನು ಮಾತಾಡಗೊಡಲಿಲ್ಲ. ಕೊನೆಗೆ ಅವರು ಒಂದೇ ಮಾತು ಹೇಳಿ ಜೀಪು ಹತ್ತಿದರು. "ಗೋಡೆ ಗಟ್ಟಿಯಾಗಿದೆ. ಬಿರುಕಿಗೆ ಗಾರೆ ತುಂಬಿಸಿ, ಸಾಕು."

ಜೀಪಿನ ಧೂಳು ಅಡಗಿತು. ಬೇವಿನ ಮರದ ಕೆಳಗೆ ಇಬ್ಬರೇ ಉಳಿದರು.

"ನನ್ನ ಮೇಲೆ ಸಿಟ್ಟಿಲ್ವಾ?" ಎಂದಳು ಪಾಲಮ್ಮ.

"ಐತೆ. ಒಂದು ಮಾತು ಕೇಳ್ದೆ ಕಿತ್ತಾಕಿದ್ರಲ್ಲ! ಇನ್ಮೇಲೆ ಸಿಟ್ಟು ಬಂದ್ರೆ ಗೋಡೆ ಬಿಡ್ರಿ, ನನ್ನ ಬೈರಿ."

"ನನಗೆ ದಿನಾ ಸಿಟ್ಟು ಬರ್ತೈತೆ!"

"ದಿನಾ ಬೈರಿ. ನಾನು ಎದುರಿಗೇ ಇರ್ತೀನಿ... ನೀವು ಒಪ್ಪೋದಾದ್ರೆ."

ಪಾಲಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಎದೆಯ ಮೇಲಿದ್ದ ಭಾರವೆಲ್ಲ ಇಳಿದು ಹಗುರವಾಗಿತ್ತು. ಹೌದು, ಅವಳಿಗೆ ಇವನೇ ಬೇಕಿತ್ತು.

"ತುರುವನೂರು ಬಸ್ಸು ಎಲ್ಲಿ ನಿಲ್ತೈತೆ ಗೊತ್ತಾ?"

"ಯಾಕೆ ರೀ?"

"ನಮ್ಮಪ್ಪ ಕುರಿ ಮೇಯ್ಸಾಕೆ ಹೋಗೋಕೆ ಮುಂಚೆ ಮನೆ ಮುಟ್ಟಬೇಕು. ಬೆಳಿಗ್ಗೆ ಬೇಗ ಬರ್ರಿ... ಜೊತೆಗೇ ಹೋಗಾಣ."