ಎದೆಯೆತ್ತರದ ಹಲಗೆ

“ಅದನ್ನ ಮುಟ್ಟಬೇಡಿ ಸಾರ್. ಬಾಯಿ ಕಟ್ಟಿದ ಹಲಗೆ ಅದು.”

ಮುದಿ ಬಡಗಿಯ ಮಾತಿಗೆ ಕನ್ನಡಕದಂಗಡಿಯವನಿಗೆ ನಗು ತಡೆಯಲಿಲ್ಲ. ಎದೆಯೆತ್ತರ, ಎರಡು ಬೆರಳು ದಪ್ಪ, ಬಿರುಕಿಲ್ಲ. ಸ್ಪೀಕರ್ ಕೂರಿಸಲು ಆರು ತಿಂಗಳಿಂದ ಅವನು ಹುಡುಕುತ್ತಿದ್ದದ್ದು ಇದನ್ನೇ. ನಡುವೆ ಮಾತ್ರ ಏಳು ತಾಮ್ರದ ಮೊಳೆ.

“ಯಾರದೋ ಮಾತು ನಿಲ್ಲಿಸೋಕೆ ಮಾಟ ಮಾಡಿ ಹೊಡೆದ ಮೊಳೆ. ಕಿತ್ತರೆ ಇನ್ನೊಂದು ಗಂಟಲು ಕೇಳುತ್ತೆ.”

“ನಮ್ಮನೇಲಿ ಒಂದಿದೆ. ತಗೊಳ್ಳಲಿ, ಪುಣ್ಯ ಬರುತ್ತೆ.”

ಬಡಗಿ ಉಳಿ ಕೆಳಗಿಟ್ಟ. “ಬಿಟ್ಟಿ ಒಯ್ಯಿರಿ,” ಎಂದಷ್ಟೇ ಹೇಳಿದ.

ಮನೆಗೆ ತಂದು ಮೊಳೆ ಕಿತ್ತು, ಅದೇ ಜಾಗದಲ್ಲಿ ತಟ್ಟೆಯಗಲದ ತೂತು ಕೊರೆದು, ದಪ್ಪ ದನಿಯ ಸಬ್‌ವೂಫರ್ ಸ್ಪೀಕರ್ ಬಿಗಿದ. ಮರದ ಪುಡಿ ಸುಟ್ಟ ಕೂದಲಿನಂತೆ ನಾರಿತು.

“ಸಬ್‌ವೂಫರ್‌ಗೆ ಪೆಟ್ಟಿಗೆ ಬೇಡ್ವಾ?” ಹೆಂಡತಿ ಕೇಳಿದಳು.

“ಬೇಡ. ಹಿಂದಕ್ಕೂ ಮುಂದಕ್ಕೂ ಸದ್ದು ಬರಬೇಕು.”

“ನಾನು ಹಿಂದೆ ಮುಂದೆ ಎಲ್ಲಿ ನಿಂತು ಕೂಗಿದ್ರೂ ನಿಮಗೆ ಕೇಳಲ್ಲ. ಹಲಗೆ ಮಾತು ಕೇಳೋಕೆ ಮಾತ್ರ ಎರಡು ಕಿವಿ!”

ಅವನು ನಕ್ಕ. “ಹಲಗೆಯ ಪಕ್ಕಕ್ಕೆ ಬಂದು ಕೂತ್ಕೋ. ಅಲ್ಲಿ ಹಿಂದಿನ ಸದ್ದು ಮುಂದಿನದನ್ನ ನುಂಗುತ್ತೆ. ಏನೂ ಕೇಳಬಾರದು.”

ಅವಳು ಸ್ಟೂಲೆಳೆದು ಕೂತಳು. ಅವನು ಆಂಪ್ಲಿಫೈಯರ್ ಹಾಕಿದ. ನೆಲ ಗುಂಯ್ಗುಟ್ಟಿತು. ಅವಳ ತುಟಿ ಆಡಿತು, ಮಾತು ಕೇಳಿಸಲಿಲ್ಲ. ಸದ್ದಿನಲ್ಲಿ ಮುಳುಗಿದೆ ಎಂದುಕೊಂಡು ಆರಿಸಿದ.

ತುಟಿ ಆಡುತ್ತಿತ್ತು. ಸದ್ದಿಲ್ಲ. ಅವಳು ಗಂಟಲು ಹಿಡಿದುಕೊಂಡಳು. ಬಾಯಿ ದೊಡ್ಡದಾಗಿ ತೆರೆಯಿತು. ಸದ್ದಿಲ್ಲ. ಅವನು ಮತ್ತೆ ಸ್ವಿಚ್ ಒತ್ತಿದ.

“ಆವಾಗಿಂದ ಕೂಗ್ತಾ ಇದೀನಿ ರೀ!”

ದನಿ ಬಂದದ್ದು ಹಲಗೆಯಿಂದ.

ಕಿತ್ತ ಮೊಳೆ ಹಿಡಿದು ಅವನು ಓಡಿಹೋದಾಗ ಬಡಗಿ ಡೊಂಕಾದ ಮೊಳೆಗಳನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ. “ಕಿತ್ತ ಮೇಲೆ ಬರೀ ತಾಮ್ರ. ಗಂಟಲು ಕೊಟ್ಟವರು ನೀವೇ ಅಲ್ವಾ?”

ಅಂದಿನಿಂದ ಆಂಪ್ಲಿಫೈಯರ್ ಆರಿಸಿಲ್ಲ. ಎರಡು ಸಲ ಕರೆಂಟ್ ಹೋಗಿ ಬಂತು. ಪ್ರತಿ ಸಲವೂ ದನಿ ಒಂದು ಮೆಟ್ಟಿಲು ಕೆಳಗಿಳಿಯಿತು. ಈಗ ಅದು ಗಂಡಸಿನ ದನಿಗಿಂತ ದಪ್ಪ. ಇನ್ನೊಂದು ಮೆಟ್ಟಿಲಿಳಿದರೆ ಮನುಷ್ಯರ ಕಿವಿಗೆ ಎಟುಕುವುದಿಲ್ಲ.

ಅವನು ಅಂಗಡಿ ತೆರೆಯುವುದನ್ನು ಬಿಟ್ಟಿದ್ದಾನೆ. ಹಲಗೆಯ ಎದುರು ಕೂರುತ್ತಾನೆ. ಅಳು ಬರುವುದಿಲ್ಲ, ಹಸಿವೂ ಇಲ್ಲ.

ನಿನ್ನೆ ಬಾಗಿಲ ಕೆಳಗೆ ಚೀಟಿ ಬಂತು: ಲೈನ್ ದುರಸ್ತಿ, ನಾಳೆ ಹತ್ತರಿಂದ ಕರೆಂಟ್ ಇರುವುದಿಲ್ಲ.

ಈಗ ಹತ್ತಕ್ಕೆ ಎರಡು ನಿಮಿಷ. ಅವಳು ಸ್ಟೂಲಿನ ಮೇಲೆ ಬೀನ್ಸ್ ಹೆಚ್ಚುತ್ತಿದ್ದಾಳೆ.

“ಏನಾದ್ರೂ ಹೇಳೇ.”

“ಏನು ಹೇಳ್ಲಿ?” ಹಲಗೆ ಗುಡುಗಿತು. “ಕೇಳೋರಿದ್ದಾಗ ಎಲ್ಲಾ ಹೇಳೋಕೆ ಆಗುತ್ತಾ? ಅನ್ನಕ್ಕಿಟ್ಟಿದೀನಿ, ನೋಡ್ಕೊಳ್ಳಿ. ಮತ್ತೆ, ನಿಮ್ಮ...”

ಆಂಪ್ಲಿಫೈಯರ್‌ನ ಕೆಂಪು ದೀಪ ಆರಿತು.

ಅವಳ ತುಟಿ ಆಡುತ್ತಲೇ ಇತ್ತು.